ಹಳೆಯ ರಾಜಕೀಯ ವ್ಯಂಗ್ಯಚಿತ್ರವನ್ನು ಹಾಲ್‌ನಲ್ಲಿ ತೂಗುಹಾಕಿದರೆ ಬಣ್ಣ ಮಾಸುತ್ತದೆಯೇ?

ಕೈಯಿಂದ ಬಣ್ಣ ಹಚ್ಚಿದ ಮೂಲ ಪ್ರತಿಯಾದರೆ ಮಾಸುತ್ತದೆ. ಹಾಗಾಗಿ ಬೆಳಕು ಜಾಸ್ತಿ ಇರುವ ಹಾಲ್‌ಗೆ ಒಳ್ಳೆಯ ಮರುಮುದ್ರಣ ಹಾಕಿ. ಮೂಲಕ್ಕೆ ಬಿಸಿಲು ಬೀಳದ ಒಳಗೋಡೆಯೇ ಸರಿ.

ಇಂಗ್ಲಿಷ್ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್‌ರೇ 1805ರಲ್ಲಿ ಲಂಡನ್ನಿನಲ್ಲಿ ಮಾಡಿದ ಚಿತ್ರವನ್ನೇ ನೋಡಿ. ತಟ್ಟೆಯಲ್ಲಿ ಇಡೀ ಭೂಮಿ ದುಂಡನೆಯ ಪುಡಿಂಗ್ ಆಗಿ ಕೂತಿದೆ. ಒಂದು ಕಡೆ ಬ್ರಿಟನ್ ಪ್ರಧಾನಿ ಪಿಟ್ ಸಮುದ್ರವನ್ನು ಕೊಯ್ಯುತ್ತಿದ್ದಾರೆ. ಎದುರಿಗೆ ಕುಳ್ಳ ನೆಪೋಲಿಯನ್ ಕುರ್ಚಿಯಿಂದೆದ್ದು ಯುರೋಪನ್ನು ಕತ್ತರಿಸಿಕೊಳ್ಳುತ್ತಿದ್ದಾನೆ. ಎಷ್ಟು ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ! ಇದರ ಗೆರೆಗಳು ತಾಮ್ರದ ತಗಡಿನಿಂದ ಅಚ್ಚಾದವು. ಆ ಕಪ್ಪು ಶಾಯಿ ಗಟ್ಟಿ, ಬೆಳಕಿಗೆ ಅಷ್ಟು ಸುಲಭವಾಗಿ ಜಗ್ಗುವುದಿಲ್ಲ. ಬಣ್ಣ ಮಾತ್ರ ಆಮೇಲೆ ಕುಂಚದಿಂದ ತೆಳ್ಳಗೆ ಹಚ್ಚಿದ ಜಲವರ್ಣ. ಬೆಳಕು, ಅದರಲ್ಲೂ ಬಿಸಿಲಿನ ನೇರಳಾತೀತ ಕಿರಣ, ಬಣ್ಣದ ಕಣಗಳನ್ನು ಒಡೆಯುತ್ತದೆ. ಒಮ್ಮೆ ಹೋದ ಬಣ್ಣ ವಾಪಸ್ ಬರುವುದಿಲ್ಲ. ಆ ಕಿರಣ ತಡೆಯುವ ಗಾಜು ಹಾಕಿಸಿದರೆ ಮಾಸುವುದು ನಿಧಾನವಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ.

ಫ್ರೇಮ್ ಮಾಡಿಸುವಾಗ ಗಾಜು ಕಾಗದಕ್ಕೆ ತಾಗದಂತೆ ನಡುವೆ ಆಮ್ಲರಹಿತ ರಟ್ಟಿನ ಅಂಚು ಕೊಡಿಸಿ. ಇಲ್ಲದಿದ್ದರೆ ಮಳೆಗಾಲದ ತೇವಕ್ಕೆ ಕಾಗದ ಗಾಜಿಗೇ ಅಂಟಿಕೊಂಡುಬಿಡಬಹುದು.