ಕಿವಿಯೋಲೆ ತೊಟ್ಟ ಕೆಂಪು ಹಸು

ಪ್ರಶ್ನೆ: ದುಬೈಯಿಂದ ಬಂದ ಮಗಳು ನಗುವ ಹಸುವಿನ ಚಿತ್ರವಿರುವ ಗುಂಡು ಡಬ್ಬಿ ತಂದಿದ್ದಾಳೆ. ಒಳಗೆ ಎಂಟು ತ್ರಿಕೋನ ಚೀಸ್. ವಿಮಾನ, ಬಸ್ಸು ಅಂತ ಒಂದೂವರೆ ದಿನ ಫ್ರಿಜ್ ಇಲ್ಲದೆ ಬಂದರೂ ಕೆಟ್ಟಿಲ್ಲ. ಏನೋ ಬೆರೆಸಿದ್ದಾರೆ ಅಂತ ನಮ್ಮತ್ತೆ ಮುಟ್ಟುತ್ತಿಲ್ಲ. ಸಸ್ಯಾಹಾರಿಗಳು ತಿನ್ನಬಹುದೇ ಮೇಡಂ?
– ಓದುಗರೊಬ್ಬರು, ಸಾಗರ

ಉತ್ತರ: ನಿಮ್ಮತ್ತೆಯ ಅನುಮಾನ ಅರ್ಧ ಸರಿ. ಬೆರೆಸಿರುವುದು ನಿಜ, ಆದರೆ ಕೆಡದಿರುವುದಕ್ಕೆ ಮುಖ್ಯ ಕಾರಣ ಬೆಂಕಿ. ಡೇರಿ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಹಾಲಿನ ಫ್ಯಾಟ್ ಅಳೆದವಳು ನಾನು; ಹಾಲು ಕಾಯಿಸಿಟ್ಟರೆ ಹೆಚ್ಚು ಹೊತ್ತು ಬಾಳುತ್ತದೆಂದು ಅವರಿಗೆ ನಾನು ಹೇಳಬೇಕಿಲ್ಲ. ಇದು ಕಾಯಿಸಿದ ಚೀಸ್.

ಬರೀ ಚೀಸನ್ನು ಬಾಣಲೆಗೆ ಹಾಕಿ ಕಾಯಿಸಿ ನೋಡಿ. ಜಿಡ್ಡು ಒಂದು ಕಡೆ, ರಬ್ಬರಿನಂಥ ಮುದ್ದೆ ಇನ್ನೊಂದು ಕಡೆ. ಹಾಲಿನ ಪ್ರೋಟೀನನ್ನು ಕ್ಯಾಲ್ಸಿಯಂ ಬಿಗಿಯಾಗಿ ಕಟ್ಟಿಹಾಕಿರುವುದರಿಂದ ಹೀಗೆ. ಸಿಟ್ರೇಟ್ ಅಥವಾ ಫಾಸ್ಫೇಟ್ ಲವಣ ಹಾಕಿದರೆ ಆ ಕಟ್ಟು ಸಡಿಲವಾಗಿ, ಪ್ರೋಟೀನು ಜಿಡ್ಡನ್ನೂ ನೀರನ್ನೂ ಹಿಡಿದುಕೊಳ್ಳುತ್ತದೆ. ದೋಸೆ ಹಿಟ್ಟಿನಂತೆ ನುಣ್ಣಗಾಗುತ್ತದೆ. ಬಿಸಿಯಿರುವಾಗಲೇ ಬೆಳ್ಳಿ ಕಾಗದಕ್ಕೆ ಸುರಿದು ಮುಚ್ಚಿಬಿಡುತ್ತಾರೆ. 1911ರಲ್ಲಿ ಸ್ವಿಟ್ಜರ್ಲೆಂಡಿನ ಥುನ್ ಊರಿನ ವಾಲ್ಟರ್ ಗೆರ್ಬರ್, ಫ್ರಿಟ್ಜ್ ಸ್ಟೆಟ್ಲರ್ ಇದನ್ನು ಕಂಡುಹಿಡಿದದ್ದೇ ಸೆಖೆಯ ದೇಶಗಳಿಗೆ ಚೀಸ್ ಕಳಿಸಲು. ಹಾಗಂತ ನೀವು ಹೊರಗೇ ಇಡಬೇಡಿ. ಕಾಗದ ಹರಿದದ್ದನ್ನಂತೂ ಅವತ್ತೇ ಮುಗಿಸಿ. ಉಪ್ಪಿನ ಅಂಶ ಜಾಸ್ತಿ, ಬಿಪಿ ಇದ್ದವರು ಕೈ ಹಿಡಿತದಲ್ಲಿಡಲಿ.

ಇನ್ನು ಸಸ್ಯಾಹಾರದ ವಿಚಾರ. ಚೀಸ್ ಮಾಡಲು ಹಾಲು ಗಟ್ಟಿಯಾಗಿಸುವ ರೆನೆಟ್ ಬೇಕು. ಹಿಂದೆ ಕರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದರು, ಈಗ ಸೂಕ್ಷ್ಮಜೀವಿಗಳಿಂದಲೂ ಪಡೆಯುತ್ತಾರೆ. ಇಲ್ಲಿ ಮಾರುವ ಪೊಟ್ಟಣವಾದರೆ ಹಸಿರು ಚುಕ್ಕೆ ನೋಡಿದರೆ ಸಾಕು. ಹೊರಗಿಂದ ತಂದದ್ದರ ಮೇಲೆ ‘ಮೈಕ್ರೋಬಿಯಲ್’ ಅಥವಾ ‘ಸಸ್ಯಾಹಾರಿಗಳಿಗೆ ಸೂಕ್ತ’ ಎಂದಿದೆಯೇ ಓದಿ. ಏನೂ ಬರೆದಿಲ್ಲವೆಂದರೆ ಅತ್ತೆಯನ್ನು ಒತ್ತಾಯಿಸಬೇಡಿ. (ಕೆಲವು ನಿಘಂಟುಗಳು ಚೀಸಿಗೆ ಗಿಣ್ಣು ಎನ್ನುತ್ತವೆ. ಈದ ಹಸುವಿನ ಹಾಲಿನ ಗಿಣ್ಣು ತಿಂದು ಬೆಳೆದ ನನಗೆ ಅದನ್ನು ಕಂಡರೆ ಸಿಟ್ಟು.)

ನೀವು ಕೇಳಲಿಲ್ಲ, ಆದರೂ ಆ ಹಸುವಿನ ಕಥೆ ಹೇಳುತ್ತೇನೆ. ಮೊದಲ ಮಹಾಯುದ್ಧದಲ್ಲಿ ಫ್ರೆಂಚ್ ಸೈನಿಕರಿಗೆ ಮಾಂಸ ಸಾಗಿಸುವ ಗಾಡಿಗಳ ಮೇಲೆ ಬೆಂಜಮಿನ್ ರಾಬಿಯೆ ಬರೆದ ನಗುವ ಹಸುವಿತ್ತು. ಹೆಸರು ‘ವಾಷ್‌ಕಿರಿ’: ಜರ್ಮನರ ಹೆಮ್ಮೆಯ ವಾಲ್ಕಿರಿ ದೇವತೆಗಳಿಗೆ ಮಾಡಿದ ಅಣಕ. ಫ್ರೆಂಚಿನಲ್ಲಿ ‘ವಾಷ್ ಕಿ ರಿ’ ಎಂದರೆ ನಗುವ ಹಸು. ಆ ಸಾಗಣೆ ದಳದಲ್ಲಿದ್ದ ಲಿಯೋನ್ ಬೆಲ್ 1921ರಲ್ಲಿ ತನ್ನ ಚೀಸಿಗೆ ಅದೇ ಹೆಸರಿಟ್ಟು, ಆಮೇಲೆ ಚಿತ್ರವನ್ನೂ ರಾಬಿಯೆಯಿಂದಲೇ ಬರೆಸಿದ. ಹಸುವಿನ ಓಲೆ ನೋಡಿ, ಅದೇ ಡಬ್ಬಿ. ಅದರೊಳಗೆ ಮತ್ತೆ ಅದೇ ಹಸು, ಮತ್ತೆ ಓಲೆ.

ಬಿಡಿಸುವಾಗ ಚಾಕು ಹಾಕಬೇಡಿ. ನಾನು ಮೊದಲ ಸಲ ಹಾಗೆ ಮಾಡಿ ಅರ್ಧ ಚೀಸನ್ನು ಕಾಗದಕ್ಕೇ ಮೆತ್ತಿಸಿದ್ದೆ. ಮೂಲೆಯಲ್ಲಿ ಕೆಂಪು ಎಳೆಯ ತುದಿ ಇಣುಕುತ್ತಿರುತ್ತದೆ, ಅದನ್ನು ಹಿಡಿದು ಮೆಲ್ಲಗೆ ಎಳೆಯಿರಿ.