ಡ್ಯೂಕ್, ಕೌಂಟ್ ಎಂಬ ಹುದ್ದೆಗಳು ಮನೆತನದ ಬಿರುದುಗಳಾದದ್ದು ಹೇಗೆ?

ಸಂಬಳದ ಬದಲು ಭೂಮಿ ಕೊಟ್ಟಿದ್ದರಿಂದ. ಹುದ್ದೆಯನ್ನು ಒಂದು ಮಾತಿನಲ್ಲಿ ಕಿತ್ತುಕೊಳ್ಳಬಹುದು. ಅದರ ಜೊತೆ ಕೊಟ್ಟ ನೆಲದಲ್ಲಿ ಮನೆತನವೊಂದು ಬೇರುಬಿಟ್ಟ ಮೇಲೆ ಅವರನ್ನು ಎಬ್ಬಿಸುವುದು ಸುಲಭವಲ್ಲ.

ಲ್ಯಾಟಿನ್‌ನ 'ಡುಕ್ಸ್' ಎಂದರೆ ದಂಡನಾಯಕ, 'ಕೋಮೆಸ್' ಎಂದರೆ ಜೊತೆಗಾರ, ಅಂದರೆ ದೊರೆಯ ಆಪ್ತ. ಇವೇ ಮುಂದೆ ಡ್ಯೂಕ್, ಕೌಂಟ್ ಆದವು. ಇಂದಿನ ಫ್ರಾನ್ಸ್, ಜರ್ಮನಿ ಭಾಗಗಳನ್ನು ಆಳುತ್ತಿದ್ದ ಫ್ರಾಂಕರ ದೊರೆ ಶಾರ್ಲಮೇನ್ (768–814) ಕಾಲದಲ್ಲಿ ಕೌಂಟ್ ಒಂದು ಸೀಮೆಯ ಅಧಿಕಾರಿ. ನ್ಯಾಯತೀರ್ಮಾನ, ದಂಡದ ವಸೂಲಿ, ಯುದ್ಧಕ್ಕೆ ಆಳು ಸೇರಿಸುವುದು ಅವನ ಕೆಲಸ. ಅವನ ಮೇಲೆ ಕಣ್ಣಿಡಲು ಅರಮನೆಯಿಂದ ತನಿಖೆಯವರು ಬರುತ್ತಿದ್ದರು.

ಶಾರ್ಲಮೇನ್‌ನ ಮೊಮ್ಮಕ್ಕಳು ರಾಜ್ಯಕ್ಕಾಗಿ ಕಾದಾಡಿದಾಗ ಲೆಕ್ಕ ತಿರುಗಿತು. ಕೌಂಟ್‌ಗಳ ಸೈನ್ಯವಿಲ್ಲದೆ ಯಾವ ಅರಸನೂ ಗೆಲ್ಲುವಂತಿರಲಿಲ್ಲ. ಅವರನ್ನು ಒಲಿಸಿಕೊಳ್ಳಲು ಅಪ್ಪನ ಜಾಗ ಮಗನಿಗೇ ಸಿಗತೊಡಗಿತು. 877ರಲ್ಲಿ ಇಟಲಿಗೆ ದಂಡೆತ್ತಿ ಹೊರಟ, ಆ ಮೊಮ್ಮಕ್ಕಳಲ್ಲೊಬ್ಬನಾದ 'ಬೋಳು' ಚಾರ್ಲ್ಸ್ (ಹೌದು, ಅಡ್ಡಹೆಸರೇ ಹಾಗೆ) ತಾನಿಲ್ಲದಾಗ ಯಾವನಾದರೂ ಕೌಂಟ್ ಸತ್ತರೆ ಮಗನ ಹಕ್ಕನ್ನು ಕಾಪಾಡುವ ಏರ್ಪಾಡು ಮಾಡಿದ. ಇದನ್ನೇ ವಂಶಪಾರಂಪರ್ಯದ ಕಾನೂನು ಎನ್ನುವವರಿದ್ದಾರೆ. ನನಗೆ ಅದು ಉತ್ಪ್ರೇಕ್ಷೆ ಅನಿಸುತ್ತದೆ. ಅದು ತಾತ್ಕಾಲಿಕ ವ್ಯವಸ್ಥೆ, ಆಗಲೇ ರೂಢಿಯಲ್ಲಿದ್ದುದಕ್ಕೆ ಬಿದ್ದ ಮುದ್ರೆ ಅಷ್ಟೆ. ಚಾರ್ಲ್ಸ್ ಅದೇ ವರ್ಷ ಹಿಂದಿರುಗುವ ದಾರಿಯಲ್ಲೇ ತೀರಿಕೊಂಡ.

ಜರ್ಮನಿಯಲ್ಲಿ ಮಾತ್ರ ಅರಸರ ಹಿಡಿತ ಇನ್ನಷ್ಟು ಕಾಲ ಉಳಿಯಿತು. ಸ್ಯಾಕ್ಸನಿ, ಬವೇರಿಯಾ ಎರಡಕ್ಕೂ ಡ್ಯೂಕ್ ಆಗಿದ್ದ ಹೆನ್ರಿ 'ಸಿಂಹ'ನಿಂದ 1180ರಲ್ಲಿ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾ ಎರಡನ್ನೂ ಕಿತ್ತುಕೊಂಡ.