ಮೀನಿನ ಊಟವೂ ಬೆಂಕಿಯ ಕೆಲಸವೇ

ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಸಣ್ಣ ಊರಿನಿಂದ ಓದುಗರೊಬ್ಬರು ಬರೆದಿದ್ದಾರೆ: ‘ಇಲ್ಲಿಗೆ ಬಂದು ಹದಿನಾಲ್ಕು ವರ್ಷವಾಯಿತು. ಈ ಊರಿನಲ್ಲಿ ಬೆಂಕಿ ಆರಿಸುವವರಿಗೆ ಸಂಬಳವಿಲ್ಲ, ಎಲ್ಲರೂ ಸ್ವಯಂಸೇವಕರು. ರಾತ್ರಿ ಎರಡು ಗಂಟೆಗೆ ಸೈರನ್ ಕೂಗಿಸಿ ಊರನ್ನೆಲ್ಲ ಎಬ್ಬಿಸುತ್ತಾರೆ. ಮೀನು ಕರಿದು ಮಾರುತ್ತಾರೆ, ಬಿಂಗೋ ಎಂಬ ಅಂಕಿಯಾಟ ಆಡಿಸುತ್ತಾರೆ, ವರ್ಷಕ್ಕೊಮ್ಮೆ ದೇಣಿಗೆಯ ಲಕೋಟೆ ಕಳುಹಿಸುತ್ತಾರೆ. ಇಷ್ಟೊಂದು ತೆರಿಗೆ ಕಟ್ಟಿಸಿಕೊಳ್ಳುವ ದೇಶದಲ್ಲಿ ಇದೆಂಥ ಭಿಕ್ಷಾಟನೆ? ನಮ್ಮ ಕಡೆ ತಾಲ್ಲೂಕು ಕೇಂದ್ರದಲ್ಲೂ ಸಂಬಳದ ಅಗ್ನಿಶಾಮಕ ದಳವಿದೆ. ಆ ಲಕೋಟೆಯನ್ನು ಏನು ಮಾಡಲಿ?’

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. ದೊಡ್ಡ ನಗರಗಳಿಗೆ ಸಂಬಳದ ದಳವೇ ಸರಿ. ಸಿನ್ಸಿನಾಟಿ 1853ರಲ್ಲಿ, ನ್ಯೂಯಾರ್ಕ್ 1865ರಲ್ಲಿ, ಫಿಲಡೆಲ್ಫಿಯಾ 1871ರಲ್ಲಿ ಆ ದಾರಿ ಹಿಡಿದವು. ಅದಕ್ಕೆ ಕಾರಣವೂ ಇತ್ತು. ಒಂದು ಮನೆ ಉರಿಯುತ್ತಿದ್ದರೆ, ‘ಕಂಪನಿ’ ಎಂದು ಕರೆಸಿಕೊಳ್ಳುವ ಸ್ವಯಂಸೇವಕ ದಳಗಳಲ್ಲಿ ಎರಡರವರು ನೀರಿನ ನಲ್ಲಿಗಾಗಿ ಬೀದಿಯಲ್ಲೇ ಹೊಡೆದಾಡಿದ ಕಾಲ ಅದು. ಈಗಲೂ ನಿಮ್ಮಂಥ ಊರುಗಳಲ್ಲಿ ಹಗಲು ಹೊತ್ತು ಸ್ವಯಂಸೇವಕರೆಲ್ಲ ದೂರದ ಕೆಲಸಗಳಿಗೆ ಹೋಗಿರುತ್ತಾರೆ, ಗಾಡಿ ಹೊರಡಿಸಲು ಆಳು ಸಿಗುವುದಿಲ್ಲ. ಅಲ್ಲಿಗೆ ನಿಮ್ಮ ಪಾಲಿನ ನ್ಯಾಯ ಮುಗಿಯಿತು.

ಇನ್ನು ನನ್ನ ಪಾಲಿನದು. ‘ಕಂಪನಿ’ ಎಂದರೆ ನಮ್ಮ ಹಿರಿಯರಿಗೆ ಒಂದೋ ಈಸ್ಟ್ ಇಂಡಿಯಾ ಕಂಪನಿ, ಇಲ್ಲವೇ ಗುಬ್ಬಿ ಕಂಪನಿ. ನಿಮ್ಮ ಊರಿನ ಫೈರ್ ಕಂಪನಿಯನ್ನು ನೀವು ಮೊದಲನೆಯದರ ಸಾಲಿಗೆ ಸೇರಿಸಿ ಲಾಭ ನಷ್ಟ ಲೆಕ್ಕ ಹಾಕುತ್ತಿದ್ದೀರಿ. ಅದು ಎರಡನೆಯದರ ಜಾತಿಯದು. ಆ ಪದದ ಲ್ಯಾಟಿನ್ ಬೇರಿನಲ್ಲಿ ರೊಟ್ಟಿಯಿದೆ. ಒಟ್ಟಿಗೆ ರೊಟ್ಟಿ ತಿನ್ನುವವರು ಎಂದು ಅರ್ಥ. ನಮ್ಮ ಮಾತಿನಲ್ಲಿ ಹೇಳುವುದಾದರೆ ಒಂದೇ ಪಂಕ್ತಿಯವರು.

1736ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ನಿಮ್ಮ ರಾಜ್ಯದ ಫಿಲಡೆಲ್ಫಿಯಾದಲ್ಲೇ ಯೂನಿಯನ್ ಫೈರ್ ಕಂಪನಿ ಕಟ್ಟಿದ. ಮೂವತ್ತು ಜನರ ಗುಂಪು. ಪ್ರತಿಯೊಬ್ಬನೂ ಚರ್ಮದ ಬಕೆಟುಗಳನ್ನು, ಉರಿಯುವ ಮನೆಯಿಂದ ಸಾಮಾನು ತುಂಬಿ ತರಲು ಗಟ್ಟಿ ಚೀಲಗಳನ್ನು ಸಿದ್ಧವಾಗಿ ಇಟ್ಟುಕೊಂಡಿರಬೇಕು. ಅದೇ ಒಪ್ಪಂದದಲ್ಲಿ ಇನ್ನೊಂದು ಮಾತೂ ಇತ್ತು: ತಿಂಗಳಿಗೊಮ್ಮೆ ಎಲ್ಲರೂ ಸೇರಿ ಒಂದು ಸಂಜೆ ಹರಟುತ್ತ ಕಳೆಯಬೇಕು. ಬಾರದವರಿಗೆ ದಂಡ. ಆ ದಂಡದ ಹಣದಿಂದಲೇ ಏಣಿ, ಕೊಕ್ಕೆ, ನೀರಿನ ಯಂತ್ರ ಕೊಂಡರು. ಹರಟೆಗೆ ಬಾರದವನ ದುಡ್ಡಿನಲ್ಲಿ ಏಣಿ! ನಿಮ್ಮ ಕಣ್ಣಿಗೆ ಚುಚ್ಚುವ ಬಿಂಗೋ ಇಷ್ಟು ಹಳೆಯ ಮನೆತನದ್ದು.

ಕೆಲವು ವರ್ಷಗಳ ಹಿಂದೆ ಬಂಧುಗಳನ್ನು ನೋಡಲು ಹೋದಾಗ ಅಂಥದೇ ಒಂದು ಊರಿನಲ್ಲಿ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ ಒಂದು ಶುಕ್ರವಾರ, ಫೈರ್ ಕಂಪನಿಯ ಮೀನಿನ ಊಟಕ್ಕೆ ನನ್ನನ್ನು ಕರೆದೊಯ್ದರು. ನಾನು ಸಸ್ಯಾಹಾರಿ, ಆಲೂಗಡ್ಡೆ ತಿಂದು ಕುಳಿತೆ. ಎದುರಿಗಿದ್ದವನು ನಲ್ಲಿ ರಿಪೇರಿ ಮಾಡುವವನು. ಅವನ ಸೊಂಟದಲ್ಲಿದ್ದ ಪುಟ್ಟ ಯಂತ್ರ ಕಿರುಗುಟ್ಟಿತು. ಅವನೂ, ಬಡಿಸುತ್ತಿದ್ದ ಇಬ್ಬರೂ, ಒಲೆಯ ಮುಂದೆ ನಿಂತಿದ್ದ ಹುಡುಗಿಯೂ ಎದ್ದು ಓಡಿದರು. ಯಾರೂ ಗಾಬರಿಯಾಗಲಿಲ್ಲ. ಒಬ್ಬ ಅಜ್ಜಿ ಬಂದು ಅವನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಕವುಚಿಟ್ಟು, ಹುಡುಗಿ ಬಿಟ್ಟುಹೋದ ಜಾಲರಿ ಸೌಟನ್ನು ತಾನು ಹಿಡಿದಳು. ಮುಕ್ಕಾಲು ಗಂಟೆಯ ಮೇಲೆ ಅವನು ಬಂದ. ಯಾರೋ ಒಲೆಯ ಮೇಲೆ ಪಾತ್ರೆ ಮರೆತಿದ್ದರಂತೆ. ಆಮೇಲೆ ಅವನೇ ಹೇಳಿದ: ಹೊಗೆ ತುಂಬಿದ ಮನೆಯೊಳಗೆ ತನ್ನ ಕೈ ತನಗೆ ಕಾಣುವುದಿಲ್ಲ, ನೀರಿನ ಪೈಪನ್ನೂ ಮುಂದಿನವನ ಬೂಟನ್ನೂ ತಡವಿಕೊಂಡು ತೆವಳಬೇಕು. ಆ ಬೂಟಿನವನು ಯಾರೆಂದು ಗೊತ್ತಿರಬೇಡವೇ? ಯಾವ ಮನೆಯ ಮಹಡಿಯಲ್ಲಿ ಮುದುಕಿ ಆಮ್ಲಜನಕದ ನಳಿಗೆ ಹಾಕಿಕೊಂಡು ಮಲಗಿದ್ದಾಳೆ, ಯಾವ ತೋಟದ ಹಿಂದೆ ಕೊಳವಿದೆ ಎಂಬುದೆಲ್ಲ ಮೀನು ಬಡಿಸುವಾಗಲೇ ತಿಳಿಯುವುದು.

ಲೆಕ್ಕವೇ ಬೇಕೆಂದರೆ ಅದನ್ನೂ ಹಾಕೋಣ. ಒಂದು ಗಾಡಿಗೆ ನಾಲ್ವರು, ಹಗಲು ರಾತ್ರಿ, ವಾರಕ್ಕೆ ಏಳು ದಿನ; ಪಾಳಿ ತಿರುಗಲು ಹದಿನಾರು ಸಂಬಳವಾದರೂ ಬೇಕು. ಎರಡು ಸಾವಿರ ಜನರ ಊರಿಗೆ ಎಲ್ಲಿಂದ ಬರಬೇಕು? 2020ರ ಲೆಕ್ಕದ ಪ್ರಕಾರ ಅಮೆರಿಕದ ಅಗ್ನಿಶಾಮಕರಲ್ಲಿ ನೂರಕ್ಕೆ 65 ಮಂದಿ ಸ್ವಯಂಸೇವಕರು, ಸುಮಾರು 6.77 ಲಕ್ಷ. 1984ರಲ್ಲಿ ಹತ್ತಿರಹತ್ತಿರ 9 ಲಕ್ಷವಿದ್ದರು. ಕರಗಿಹೋದ ಆ ಎರಡು ಲಕ್ಷಕ್ಕೂ ಮಿಕ್ಕಿದ ಜನರ ಬಗ್ಗೆ ನೀವು ಪತ್ರ ಬರೆದಿದ್ದರೆ ನನಗೆ ಸಂತೋಷವಾಗುತ್ತಿತ್ತು. ನಿಮ್ಮ ರಾಜ್ಯದ ಶ್ಯಾಂಕ್ಸ್‌ವಿಲ್ ಇನ್ನೂರೈವತ್ತು ಜನರೂ ಇಲ್ಲದ ಊರು. 2001ರ ಸೆಪ್ಟೆಂಬರ್ 11ರಂದು ಭಯೋತ್ಪಾದಕರು ಅಪಹರಿಸಿದ ನಾಲ್ಕನೆಯ ವಿಮಾನ ಬಿದ್ದ ಹೊಲಕ್ಕೆ ಮೊದಲು ಓಡಿದವರು ಆ ಊರಿನ ಸ್ವಯಂಸೇವಕರು. ಟೆಕ್ಸಾಸ್‌ನ ವೆಸ್ಟ್ ಎಂಬ ಊರಿನಲ್ಲಿ 2013ರ ಏಪ್ರಿಲ್ 17ರಂದು ಗೊಬ್ಬರದ ಉಗ್ರಾಣ ಸಿಡಿದಾಗ ಸತ್ತ 15 ಮಂದಿಯಲ್ಲಿ 12 ಮಂದಿ ಬೆಂಕಿಯತ್ತ ಹೋದವರು. ಚಿಲಿ ದೇಶದಲ್ಲಂತೂ ಅಗ್ನಿಶಾಮಕರೆಲ್ಲ ಸ್ವಯಂಸೇವಕರೇ, ಮೇಲಾಗಿ ತಿಂಗಳ ವಂತಿಗೆ ತಾವೇ ಕಟ್ಟುತ್ತಾರೆ. ಅಲ್ಲಿನ ವಾಲ್ಪರೈಸೊ ಬಂದರಿನಲ್ಲಿ 1851ರಿಂದ ಕಂಪನಿಗಳು ಹುಟ್ಟಿಕೊಂಡಾಗ ವಲಸೆ ಬಂದ ಜರ್ಮನರು, ಫ್ರೆಂಚರು, ಇಟಾಲಿಯನ್ನರು ತಮ್ಮ ತಮ್ಮ ಕಂಪನಿ ಕಟ್ಟಿದರು. ಪರವೂರು ತಮ್ಮೂರಾದದ್ದು ಹಾಗೆ. ನೀವು ರಾಜ್ಯೋತ್ಸವಕ್ಕೆ ನೂರು ಮೈಲಿ ಕಾರು ಓಡಿಸುವವರು. ಮನೆಯಿಂದ ಮೂರು ಬೀದಿ ಆಚೆಗಿರುವ ಆ ಕಟ್ಟಡದೊಳಗೆ ಹದಿನಾಲ್ಕು ವರ್ಷದಲ್ಲಿ ಒಮ್ಮೆಯಾದರೂ ಕಾಲಿಟ್ಟಿದ್ದೀರಾ? (ಕಾಲೇಜು ಅರ್ಜಿಯಲ್ಲಿ ಬರೆಯಲೆಂದು ಮಕ್ಕಳನ್ನು ಕಳುಹಿಸುವುದು ಲೆಕ್ಕಕ್ಕಿಲ್ಲ.)

ನಮ್ಮ ತಾಲ್ಲೂಕು ಕೇಂದ್ರದ ದಳವನ್ನು ಹೊಗಳಿದಿರಿ. ಆ ಸಿಬ್ಬಂದಿಗೆ ನನ್ನ ನಮಸ್ಕಾರ. ಆದರೆ ಮೂವತ್ತು ಕಿಲೋಮೀಟರ್ ದೂರದ ಹಳ್ಳಿಗೆ ಅವರು ಬರುವಷ್ಟರಲ್ಲಿ ಉಳಿಯುವುದು ಬೂದಿ. ನಾನು ಹುಡುಗನಾಗಿದ್ದಾಗ ನಮ್ಮೂರಿನಲ್ಲಿ ಒಂದು ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಬಾವಿಯಿಂದ ಬಣವೆಯವರೆಗೆ ಊರಿಗೆ ಊರೇ ಸಾಲು ನಿಂತು ಕೊಡ ದಾಟಿಸಿತು. ಪಕ್ಕದ ಮನೆಯ ಮಾಡಿಗೆ ಒದ್ದೆ ಗೋಣಿ ಹಿಡಿದು ಮೊದಲು ಹತ್ತಿದವನು, ಬಣವೆಯ ಯಜಮಾನನ ಮೇಲೆ ಬದುವಿನ ವಿಚಾರಕ್ಕೆ ದಾವೆ ಹೂಡಿದ್ದವನು. ಮರುವಾರ ಇಬ್ಬರೂ ಒಂದೇ ಬಸ್ಸಿನಲ್ಲಿ ಕೋರ್ಟಿಗೆ ಹೋದರು. ಕಳೆದ ವರ್ಷ ನನ್ನ ಈಗಿನ ಬಡಾವಣೆಯಲ್ಲಿ ಒಂದು ಶೆಡ್ಡು ಹತ್ತಿಕೊಂಡಾಗ ನೆರೆದವರ ಕೈಯಲ್ಲಿದ್ದದ್ದು ಮೊಬೈಲ್. ನನ್ನ ಕೈಯಲ್ಲೂ ಏನೂ ಇರಲಿಲ್ಲವೆನ್ನಿ, ಬಕೆಟ್ ಹುಡುಕುವುದರಲ್ಲೇ ಹೊತ್ತು ಹೋಯಿತು. ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಚಪ್ಪಲಿ ಗೂಡುಗಳು, ಮಕ್ಕಳ ಸೈಕಲ್ಲುಗಳು. ಬೆಂಕಿಯ ಅಣಕು ಕವಾಯತಿಗೆ ಕರೆದರೆ ಬಂದವರು ನಾಲ್ವರು, ಅವರಲ್ಲಿ ಒಬ್ಬರು ಕಾವಲುಗಾರ. ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂದು ಗಾದೆ ಮಾಡಿದ ಜನ ನಾವು. ಬಾವಿಯನ್ನು ಈಗ ಮುಚ್ಚಿ ಪಾರ್ಕಿಂಗ್ ಮಾಡಿಕೊಂಡಿದ್ದೇವೆ. ಮನಸ್ಸೇ ಇಲ್ಲವೆನ್ನಲಾರೆ, 2019ರ ಫೆಬ್ರುವರಿಯಲ್ಲಿ ಬಂಡೀಪುರ ಹತ್ತಿ ಉರಿದಾಗ ಎಷ್ಟು ಜನ ಹೊರಟುಬಂದರು! ಆದರೆ ಬೆಂಕಿಗೆ ಮುಂಚೆ ಕೂಡಿ ಉಣ್ಣುವ, ಪೈಪು ಸುತ್ತುವ, ಏಣಿ ಎತ್ತಿ ಇಳಿಸುವ ಬೇಸರದ ಸಂಜೆಗಳಿಗೆ ನಮ್ಮಲ್ಲಿ ಯಾರಿದ್ದಾರೆ?

ಲಕೋಟೆಯ ಮಾತು. ಅಂಚೆಗೆ ಹಾಕಬೇಡಿ. ಅವರು ಅಭ್ಯಾಸಕ್ಕೆ ಸೇರುವ ರಾತ್ರಿ ಯಾವುದೆಂದು ಕೇಳಿ ತಿಳಿದು, ಕೈಯಲ್ಲೇ ಕೊಡಿ. ಜೊತೆಗೆ ಒಂದು ಡಬರಿ ಚಿತ್ರಾನ್ನವನ್ನೂ ಒಯ್ಯಿರಿ, ಹಸಿಮೆಣಸು ಸ್ವಲ್ಪ ಕಡಿಮೆ ಇರಲಿ. ವಯಸ್ಸಾಯಿತು, ಏಣಿ ಹತ್ತಲಾರೆ ಎಂದರೆ ಲೆಕ್ಕಪತ್ರ ಬರೆಯುವವರೂ ಅವರಿಗೆ ಬೇಕು. ನಿಮ್ಮ ಪತ್ರ ನೋಡಿದರೆ ಲೆಕ್ಕದಲ್ಲಿ ನೀವು ಗಟ್ಟಿಗರು.

ಸೈರನ್ನಿಗೆ ಮಾತ್ರ ನನ್ನಲ್ಲಿ ಮದ್ದಿಲ್ಲ. ಕಿಟಕಿ ಹಾಕಿಕೊಂಡು ಮಲಗಿ.